ಎಪ್ಪತ್ತಮೂರು ಅಂದರೆ

ಡೇಲ್ ಕಾಲಿಯೊಗೆ ಪಾರ್ಶ್ವವಾಯು ಹೊಡೆದ ಮೇಲೆ ಬಾಯಲ್ಲಿ ಉಳಿದದ್ದು ಒಂದೇ ಮಾತು: ಎಪ್ಪತ್ತಮೂರು. ಕಾಫಿ ಬೇಕಾದರೂ ಎಪ್ಪತ್ತಮೂರು, ಸೂಪು ಬಿಸಿಯಾಗಿ ನಾಲಿಗೆ ಸುಟ್ಟರೂ ಎಪ್ಪತ್ತಮೂರು. ಆಸ್ಪತ್ರೆಯಲ್ಲಿ ಮಾತು ಕಲಿಸಲು ಬರುತ್ತಿದ್ದ ಹುಡುಗಿ ಮೊದಲ ವಾರ ತಲೆ ಕೆರೆದುಕೊಂಡಳಂತೆ. "ಇವ್ರಿಗೆ ಎಪ್ಪತ್ಮೂರನೇ ಇಸವೀಲಿ ಏನಾದ್ರೂ ಆಗಿತ್ತಾ?" ಎಂದು ಅವನ ಹೆಂಡತಿ ಮಾರ್ಲಿಸ್‌ಳನ್ನು ಕೇಳಿದಳು. ಮಾರ್ಲಿಸ್ ನನಗೆ ಫೋನ್ ಮಾಡಿದಳು. ನಾನು ಬಿದ್ದು ಬಿದ್ದು ನಕ್ಕೆ. ಫೋನ್ ಇಟ್ಟ ಮೇಲೆ, ನಕ್ಕೆನಲ್ಲ ಎಂದು ಅತ್ತೆ.

ಹ್ಯಾಮ್ ರೇಡಿಯೊದವರು, ಅಂದರೆ ಹವ್ಯಾಸಕ್ಕೆ ರೇಡಿಯೊ ಮೇಲೆ ಊರೂರಿನವರ ಜೊತೆ ಹರಟುವವರು, ಮಾತು ಮುಗಿಸುವಾಗ ಕೊನೆಯಲ್ಲಿ ಹೇಳುವುದು ಅದನ್ನೇ. ಎಪ್ಪತ್ತಮೂರು ಅಂದರೆ ಶುಭವಾಗಲಿ, ನಾನಿನ್ನು ಬರುತ್ತೇನೆ. ತಂತಿಯ ಕಾಲದಿಂದ ಬಂದ ರೂಢಿ. ಡೇಲ್‌ಗೆ ಈಗ ಅರವತ್ತೊಂದು; ಹದಿನೈದನೇ ವಯಸ್ಸಿನಿಂದ ರೇಡಿಯೊ ಮುಂದೆ ಕೂತವನು. ಆ ಮಾತನ್ನು ಲಕ್ಷ ಸಲವಾದರೂ ಅಂದಿರಬೇಕು. ತಲೆಯಲ್ಲಿದ್ದದ್ದೆಲ್ಲ ತೊಳೆದುಹೋದರೂ ಅದೊಂದು ಉಳಿಯಿತಲ್ಲ, ಹ್ಯಾಮ್ ಅಂದರೆ ಹೀಗಿರಬೇಕು ಎಂದು ನಮ್ಮೂರ ಹ್ಯಾಮ್ ಕ್ಲಬ್ಬಿನವರೆಲ್ಲ ಕಣ್ಣೊರೆಸಿಕೊಂಡು ಹೆಮ್ಮೆಪಟ್ಟೆವು. ನೋಡಲು ಹೋದವರೆಲ್ಲ "ಎಪ್ಪತ್ಮೂರು, ಡೇಲ್!" ಎಂದು ಅವನ ಎಡಗೈ ಕುಲುಕಿ ಬರುತ್ತಿದ್ದೆವು. ಒಮ್ಮೊಮ್ಮೆ ಅವನು ಸಿಟ್ಟಿನಿಂದ ಕೈ ಕಿತ್ತುಕೊಳ್ಳುತ್ತಿದ್ದ. ಕಾಯಿಲೆಯ ಸಿಟ್ಟು ಅಂದುಕೊಂಡೆವು. ನಾನೂ ಹಾಗೇ ಅಂದುಕೊಂಡೆ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಯಾಕೆಂದರೆ ಇಂಥ ತಪ್ಪು ಹಿಡಿಯುವುದೇ ನನ್ನ ಕಸುಬಾಗಿತ್ತು.

ನಾನು ಡೋರೀನ್ ಪೆಲ್ಕಿ. ಚಿಕಾಗೊ ಹತ್ತಿರದ ಒಂದು ರೇಡಿಯೊ ಕಂಪನಿಯಲ್ಲಿ ಮೂವತ್ತೊಂದು ವರ್ಷ ಸಂಕೇತ ಕಟ್ಟುವ ಕೆಲಸ ಮಾಡಿದೆ. ಗಾಳಿಯಲ್ಲಿ ಹೋಗುವ ಅಂಕಿಗಳನ್ನು ದಾರಿಯ ಗದ್ದಲ ಕೆಡಿಸುತ್ತದೆ. ಅದಕ್ಕೆ ಪ್ರತಿ ಮಾತಿನ ಪಕ್ಕದಲ್ಲಿ ನಾಲ್ಕು ಕಾವಲಿನ ಅಂಕಿ ಸೇರಿಸಿ ಕಳಿಸಬೇಕು, ಒಂದು ಕೆಟ್ಟರೆ ಮಿಕ್ಕವು ಅದನ್ನು ಹಿಡಿದುಕೊಡಬೇಕು. ಎಷ್ಟು ಕಾವಲು ಸಾಕು, ಎಷ್ಟಾದರೆ ದಂಡ, ನನ್ನ ಜೀವಮಾನವೆಲ್ಲ ಇದೇ ಲೆಕ್ಕದಲ್ಲಿ ಹೋಯಿತು. ನಿವೃತ್ತಿಯಾದ ಮೇಲೆ ಅಪ್ಪರ್ ಮಿಷಿಗನ್ನಿನ ಈ ಹಿಮದ ಮೂಲೆಗೆ, ಹುಟ್ಟಿದೂರಿಗೆ ವಾಪಸು ಬಂದೆ. ಡೇಲ್ ಇಲ್ಲಿನ ಕೌಂಟಿ ಆಡಳಿತದ ಹಿಮ ತಳ್ಳುವ ಲಾರಿ ಓಡಿಸುವವನು. ಗಣಿತವನ್ನು ಹೈಸ್ಕೂಲಿನಲ್ಲೇ ಬಿಟ್ಟವನು, ಆದರೆ ಒಂದು ಸಲ ನನಗೇ ಪಾಠ ಹೇಳಿದ.

ಮೂರು ವರ್ಷದ ಹಿಂದಿನ ಮಾತು. ಅವನ ಹಿತ್ತಲಿನ ದೊಡ್ಡ ಆಂಟೆನಾದಿಂದ ಚಂದ್ರನಿಗೆ ಸಂಕೇತ ಬಿಟ್ಟು, ಅಲ್ಲಿ ಬಡಿದು ವಾಪಸಾದದ್ದನ್ನು ಹಿಡಿಯುತ್ತಿದ್ದೆವು. ಹಾಗೆ ಚಂದ್ರನ ಮೂಲಕ ಅಮೆರಿಕದ ಐವತ್ತೂ ರಾಜ್ಯಗಳ ಜೊತೆ ಮಾತಾಡಬೇಕು ಅನ್ನುವುದು ಡೇಲ್‌ನ ಹಟ. ನಲವತ್ತೊಂಬತ್ತಾಗಿತ್ತು, ಹವಾಯಿ ಒಂದು ಬಾಕಿ. ಅಷ್ಟು ದೂರ ಹೋಗಿ ಬರುವ ಸಂಕೇತದಲ್ಲಿ ಜೀವವೇ ಇರುವುದಿಲ್ಲ. ಅದಕ್ಕೆ ಕಂಪ್ಯೂಟರಿನೊಳಗೆ ಒಂದು ಪಟ್ಟಿ ಇಟ್ಟಿರುತ್ತಾರೆ, ಜಗತ್ತಿನ ಯಾವ ಯಾವ ಹ್ಯಾಮ್‌ಗಳು ಹೀಗೆ ಮಾತಾಡುತ್ತಾರೆ ಎಂದು. ಬಂದ ಸದ್ದು ತೀರ ಕ್ಷೀಣವಾದರೆ ಯಂತ್ರ ಆ ಪಟ್ಟಿ ನೋಡಿ, ಇಂಥವನೇ ಇರಬೇಕು ಎಂದು ಊಹಿಸಿ ಬರೆಯುತ್ತದೆ. ಊಹೆ ಎಂದು ತಿಳಿಯಲಿ ಅಂತ ಸಾಲಿನ ಕೊನೆಗೆ ಒಂದು ಪ್ರಶ್ನೆ ಚಿಹ್ನೆ ಹಾಕುತ್ತದೆ. ಆ ದಿನ ಪರದೆಯ ಮೇಲೆ ಹವಾಯಿಯವನ ಹೆಸರು ಮೂಡಿತು. ನಾನು ಕುರ್ಚಿಯಿಂದ ಹಾರಿದೆ. ಡೇಲ್ ಕೈಕಟ್ಟಿ ಕೂತಿದ್ದ.

"ಬರ್ಕೊಳ್ಳೋ! ಐವತ್ತಾಯ್ತು!"

"ಕೊನೇಲಿ ಪ್ರಶ್ನೆ ಚಿಹ್ನೆ ಇದೆ."

"ಇದ್ರೆ ಇರ್ಲಿ ಬಿಡು. ಹತ್ರಲ್ಲಿ ಒಂಬತ್ತು ಸಲ ಸರಿಯಾಗೇ ಇರುತ್ತೆ."

"ಅವನು ಅಂದಿದ್ದು ನಾವು ಕೇಳಿಸ್ಕೊಳ್ಳಲಿಲ್ಲ ಡೋರೀನ್. ನಮ್ಗೆ ಬೇಕಾಗಿದ್ದನ್ನ ಯಂತ್ರ ನಮ್ಗೇ ಹೇಳ್ತು. ಮೊದ್ಲೇ ಗೊತ್ತಿದ್ದದ್ದು ಸುದ್ದಿ ಹೆಂಗಾಗುತ್ತೆ?"

ನನ್ನ ಪ್ರೊಫೆಸರು ಇದೇ ಮಾತನ್ನು ಹೇಳಲು ಆರು ತಿಂಗಳು ತಗೊಂಡಿದ್ದರು. ಬಾಗಿಲಲ್ಲಿ ನಿಂತಿದ್ದ ಮಾರ್ಲಿಸ್, "ಇವ್ನಿಗೆ ಚಂದ್ರನ ಹತ್ರಾನೂ ರಸೀದಿ ಬೇಕು ಕಣೇ" ಎಂದು ನಕ್ಕು ಒಳಗೆ ಹೋದಳು. ಅವನ ಲಾಗ್ ಪುಸ್ತಕದಲ್ಲಿ ಹವಾಯಿಯ ಜಾಗ ಇವತ್ತಿಗೂ ಖಾಲಿ.

ಪಾರ್ಶ್ವವಾಯು ಬಂದದ್ದು ನವೆಂಬರಿನಲ್ಲಿ. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಮಾರ್ಚ್ ಮೊದಲ ವಾರ, ಒಂದು ಗುರುವಾರ ಬೆಳಗ್ಗೆ ಮಾರ್ಲಿಸ್ ಫೋನ್ ಮಾಡಿ, "ಬಾ, ನಂಗಿನ್ನು ಆಗಲ್ಲ" ಅಂದಳು. ವಿಷಯ ನನಗೆ ಗೊತ್ತಿತ್ತು. ಮಿಲ್ವಾಕೀಯಲ್ಲಿ ಮಾತು ಕಳೆದುಕೊಂಡವರಿಗೆ ದಿನಕ್ಕೆ ಆರು ಗಂಟೆ ಮಾತು ಕಲಿಸುವ ಕೇಂದ್ರವಿದೆ. ಹತ್ತು ವಾರ ಅಲ್ಲೇ ಇರಬೇಕು, ಮನೆಯವರು ಜೊತೆಗಿರುವಂತಿಲ್ಲ. ಒಂದು ಜಾಗ ಸಿಕ್ಕಿತ್ತು. ಶುಕ್ರವಾರ ಮಧ್ಯಾಹ್ನದೊಳಗೆ ಹೂಂ ಅನ್ನಬೇಕು. ಹೂಂ ಅನ್ನಬೇಕಾದವನು ರೋಗಿಯೇ, ಹೆಂಡತಿಯಲ್ಲ. ತಪ್ಪಿದರೆ ಇನ್ನು ಸೆಪ್ಟೆಂಬರಿಗೆ. ಅಷ್ಟು ಹೊತ್ತಿಗೆ ಮಾತು ಮರಳುವ ಕಾಲವೇ ದಾಟಿರುತ್ತದೆ ಎಂದು ಆಸ್ಪತ್ರೆಯ ಮಾತು ಕಲಿಸುವ ಹುಡುಗಿ ಮುಚ್ಚುಮರೆಯಿಲ್ಲದೆ ಹೇಳಿದ್ದಳು.

ನಾನು ಏಲಕ್ಕಿ ಹಾಕಿದ, ನಿಸು ಅನ್ನುವ ಒಂದು ಸಿಹಿ ಬ್ರೆಡ್ಡು ಹಿಡಿದು ಹೋದೆ. ಅಡುಗೆಮನೆಯ ಕಿಟಕಿಯ ಅರ್ಧಕ್ಕೆ ಹಿಮ ಬಂದು ನಿಂತಿತ್ತು. ಊರಿನ ಹಿಮವನ್ನೆಲ್ಲ ತಳ್ಳುತ್ತಿದ್ದವನ ಮನೆಯ ಹಿಮ ತಳ್ಳುವವರಿರಲಿಲ್ಲ. ಡೇಲ್ ಗಾಲಿಕುರ್ಚಿಯಲ್ಲಿದ್ದ. ಮಾರ್ಲಿಸ್ ಬಲ ಭುಜಕ್ಕೆ ಬಿಸಿ ಚೀಲ ಕಟ್ಟಿಕೊಂಡಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸುವ ಗಟ್ಟಿ ಹೆಂಗಸು, ಆದರೂ ನಾಲ್ಕು ತಿಂಗಳು ಆರಡಿಯ ಗಂಡಸನ್ನು ಎತ್ತಿ ಇಳಿಸಿ ಆ ಭುಜ ಹಾಳಾಗಿತ್ತು. ಫ್ರಿಜ್ಜಿನ ಬಾಗಿಲ ತುಂಬ ಡೇಲ್ ಬರೆದ ಹಳೆಯ ಚೀಟಿಗಳು. ಹಿಮ ಬಿದ್ದ ದಿನ ನಾಲ್ಕು ಗಂಟೆಗೇ ಎದ್ದು ಹೋಗುವವನು, ಅವಳನ್ನು ಎಬ್ಬಿಸದೆ ಬರೆದಿಟ್ಟು ಹೋಗುತ್ತಿದ್ದ. "ನಿನ್ನ ಕಾರಿನ ಹಿಂದಿನ ಚಕ್ರದ ಗಾಳಿ ನೋಡು. 88." "ಮಾಂಸದ ಪೇಸ್ಟಿ ಎರಡೂ ನಾನೇ ತಗೊಂಡೆ, ಬೈಬೇಡ. 88." ನವೆಂಬರಿನಿಂದ ಹೊಸ ಚೀಟಿ ಇರಲಿಲ್ಲ, ಹಳೆಯದನ್ನು ಅವಳು ತೆಗೆದಿರಲಿಲ್ಲ.

"ಸೋಮವಾರ ಕೇಳ್ದೆ, ಹೂಂ ಅಂತ ತಲೆ ಆಡಿಸ್ದ," ಅಂದಳು. "ಮಂಗಳವಾರ ಉಹೂಂ ಅಂದ. ನಿನ್ನೆ ಎರಡೂ ಅಂದ. ಪ್ರತಿ ಸಲ ಕೊನೇಲಿ ಎಪ್ಪತ್ಮೂರು. ನಿಮ್ ಕ್ಲಬ್ಬಲ್ಲಿ ಅದಕ್ಕೆ ಏನರ್ಥಾನೋ, ನನ್ ಕಿವಿಗೆ ಬೀಳೋದು ಒಂದೇ. ಮುಗೀತು, ನಡಿ ಅಂತ. ನನ್ನ ಹೊರಗೆ ಹಾಕ್ತಿದೀಯಾ ಅಂತ ದೂರ್ತಿದಾನೆ."

"ಅಂದ್ರೆ ಅವ್ನಿಗೆ ಹೋಗೋಕೆ ಇಷ್ಟ ಇಲ್ಲ ಅಂತಾನಾ?"

"ಇಲ್ಲ. ಮೂವತ್ತೆರಡು ವರ್ಷ ಬಾಳಿದೀನಿ, ಅಷ್ಟೂ ಗೊತ್ತಾಗಲ್ವಾ?"

ನನಗೂ ಹಾಗೇ ಅನ್ನಿಸಿತ್ತು. ಆ ಆಂಟೆನಾ, ಆ ರೇಡಿಯೊ ಕೋಣೆ ಬಿಟ್ಟು ಇವನು ಕದಲುವ ಆಸಾಮಿಯಲ್ಲ. ಹೀಗೆ ಅವನನ್ನು ನಡುವೆ ಕೂರಿಸಿಕೊಂಡು ಅವನ ಮನಸ್ಸಲ್ಲಿ ಏನಿದೆ ಎಂದು ನಾವಿಬ್ಬರೇ ತೀರ್ಮಾನ ಮಾಡಿ ಮುಗಿಸಿದೆವು. ಡೇಲ್ ಎಡಗೈಯಿಂದ ಕುರ್ಚಿಯ ತೋಳಿಗೆ ಗುದ್ದಿ, "ಎಪ್ಪತ್ಮೂರು!" ಅಂದ.

"ನೋಡ್ದಾ?" ಅಂದಳು ಮಾರ್ಲಿಸ್.

"ನೋಡ್ದೆ," ಅಂದೆ. ಏನು ನೋಡಿದೆನೋ ದೇವರಿಗೇ ಗೊತ್ತು.

ಅವಳು ಕಾಫಿ ಬಗ್ಗಿಸಿದಳು. "ಕಾಫಿ ತಾನೇ ಬೇಕು? ಕಾಫೀನೇ ಅಲ್ವಾ ಚಿನ್ನ?" ಎಂದು ಕೇಳುತ್ತಾ ತಾನೇ ತಲೆ ಆಡಿಸುತ್ತಿದ್ದಳು. ಅವಳ ತಲೆ ನೋಡುತ್ತಾ ಡೇಲ್‌ನ ತಲೆಯೂ ಮೇಲೆ ಕೆಳಗೆ ಆಡಿತು. ಅವಳು ಲೋಟ ಕೈಗಿಟ್ಟಳು, ಅವನು ಕುಡಿಯದೆ ಕೆಳಗಿಟ್ಟ. ಆಗ ನನಗೆ ತಟ್ಟಿತು. ಆ ಕಂಪ್ಯೂಟರಿನ ಪಟ್ಟಿಯಂಥದ್ದೇ ಒಂದು ಪಟ್ಟಿ ಇವಳ ಹತ್ತಿರವೂ ಇದೆ: ಕಾಫಿ, ಕಂಬಳಿ, ಬಚ್ಚಲು, ಟಿವಿ. ಅವನು ಏನಂದರೂ ಅದರಲ್ಲೊಂದು.

ನನ್ನ ನಾಲಿಗೆ ಹಿಡಿತದಲ್ಲಿರುವುದಿಲ್ಲ. "ತಲೆ ಆಡಿಸ್ತಿರೋದು ನೀನು ಕಣೇ! ಅವ್ನು ನಿನ್ನ ನೋಡ್ಕೊಂಡು ಆಡಿಸ್ತಿದಾನೆ. ನೀನು ಅವ್ನ ಮಾತು ಎಲ್ಲಿ ಕೇಳ್ತಿದೀಯ?"

ಮಾರ್ಲಿಸ್ ಕಾಫಿ ಪಾತ್ರೆ ಕುಕ್ಕಿದಳು. "ನಾಲ್ಕು ತಿಂಗ್ಳಿಂದ ಅವ್ನಿಗೆ ತಿನ್ನಿಸಿ, ತೊಳ್ದು, ಒರೆಸಿ, ಮಲಗಿಸ್ತಿರೋಳು ನಾನು. ನೀನು ವಾರಕ್ಕೊಂದ್ಸಲ ಬ್ರೆಡ್ ತಂದಿಟ್ಟು ನಂಗೆ ಕೇಳೋದು ಹೇಗೆ ಅಂತ ಹೇಳ್ಕೊಡ್ತೀಯಾ?"

ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. "ತಪ್ಪಾಯ್ತು," ಅಂದೆ. "ಒಂದು ಗಂಟೆ ಕೊಡು. ನಂಗೆ ಬರೋ ಕೆಲಸ ಇದೊಂದೇ, ಅದನ್ನಾದ್ರೂ ಮಾಡ್ತೀನಿ."

ಯಾವ ದಾರಿಯಲ್ಲಾದರೂ ಸಂಕೇತ ಕಳಿಸುವ ಮೊದಲು ಆ ದಾರಿ ಎಷ್ಟು ಕೆಟ್ಟಿದೆ ನೋಡಬೇಕು. ಅದಕ್ಕೆ ಎರಡೂ ಕಡೆಯವರಿಗೆ ಮೊದಲೇ ಗೊತ್ತಿರುವ ಅಂಕಿಗಳನ್ನು ಕಳಿಸಿ, ಎಷ್ಟು ಸರಿಯಾಗಿ ಬಂದವು ಎಂದು ಎಣಿಸುತ್ತಾರೆ. ನಾನು ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಇಪ್ಪತ್ತು ಪ್ರಶ್ನೆ ಬರೆದೆ. ನಿನ್ನ ಹೆಸರು ಡೇಲ್ ಅಲ್ವಾ? ಈ ಮನೇಲಿ ಆನೆ ಸಾಕಿದೀರಾ? ನೀನು ಲಾರಿ ಓಡಿಸ್ತಿದ್ಯಾ? ಈಗ ಜುಲೈ ತಿಂಗಳಾ? ತಲೆ ಆಡಿಸಿ ಹೇಳು ಅಂದೆ. ಇಪ್ಪತ್ತರಲ್ಲಿ ಹನ್ನೆರಡು ಸರಿ ಬಂತು. ಒಂದು ನಾಣ್ಯ ಚಿಮ್ಮಿ ಕೇಳಿದ್ದರೂ ಹತ್ತು ಸರಿ ಬರುತ್ತಿತ್ತು. ಅವನ ತಲೆಯಾಟವನ್ನು ನಂಬಿಕೊಂಡು ಮೂರು ದಿನ ಅತ್ತಿದ್ದ ಮಾರ್ಲಿಸ್‌ಗೆ ಅದನ್ನು ಹೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು.

ರೇಡಿಯೊ ಕೋಣೆಯಿಂದ ಅವನ ಮೋರ್ಸ್ ಕೀ, ಅಂದರೆ ತಂತಿಯ ಸಂಕೇತ ಹೊಡೆಯುವ ಉಪಕರಣ, ತಂದೆ. ಅದಕ್ಕೆ ಕಿವಿಯಂಥ ಎರಡು ಒತ್ತುಪಟ್ಟಿ. ಎಡಗಿವಿ ಒತ್ತಿದರೆ "ಡಿಟ್" ಎಂದು ಚುಟುಕು ಸದ್ದು, ಬಲಗಿವಿ ಒತ್ತಿದರೆ "ಡಾ" ಎಂದು ಉದ್ದ ಸದ್ದು. ಮೋರ್ಸಿನಲ್ಲಿ ಅಕ್ಷರ ಹೊಡೆಸಲು ಡಿಸೆಂಬರಿನಲ್ಲೇ ನೋಡಿದ್ದೆವು. ಬಾಯಿಂದ ಹೋದ ಅಕ್ಷರಗಳು ಬೆರಳಿನಿಂದಲೂ ಹೋಗಿದ್ದವು. ಆದರೆ ಹೌದು, ಇಲ್ಲ ಅನ್ನಲು ಅಕ್ಷರ ಯಾಕೆ? "ಎಡಗಿವಿ ಹೌದು, ಬಲಗಿವಿ ಇಲ್ಲ," ಎಂದು ಹೇಳಿ ಅವನ ಎಡಗೈ ಕೆಳಗಿಟ್ಟೆ. ಕೀಗೆ ಮೊದಲಿನಿಂದಲೂ ಎಡಗೈ ಬಳಸುವವನು, ಆ ಬೆರಳುಗಳು ತಮ್ಮ ಹಳೆಯ ಜಾಗಕ್ಕೆ ಹೋಗಿ ಕೂತವು. ಮತ್ತೆ ಇಪ್ಪತ್ತು ಪ್ರಶ್ನೆ. ಈ ಸಲ ಹದಿನೇಳು ಸರಿ. ಅವನು ಉತ್ಸಾಹದಲ್ಲಿರಲಿ ಎಂದು ನಡುವೆ, "ಡೋರೀನ್ ಸುಂದರೀನಾ?" ಎಂದೂ ಕೇಳಿದ್ದೆ. ಎರಡೂ ಕಿವಿ ಒಟ್ಟಿಗೆ ಒತ್ತಿದ. ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಇಪ್ಪತ್ತಕ್ಕೆ ಮೂರು ತಪ್ಪು. ಇದಕ್ಕಿಂತ ಕೆಟ್ಟ ದಾರಿಯಲ್ಲಿ ಮಾತು ದಾಟಿಸಿ ಸಂಬಳ ತಗೊಂಡವಳು ನಾನು. ಒಂದೇ ಮಾತನ್ನು ಹಲವು ಸಲ, ಬೇರೆ ಬೇರೆ ವೇಷ ತೊಡಿಸಿ ಕೇಳಿದರಾಯಿತು. ಮಿಲ್ವಾಕೀಯ ಪ್ರಶ್ನೆಯನ್ನು ಒಂಬತ್ತು ಬಗೆಯಲ್ಲಿ ಬರೆದೆ. ಐದು ನೇರ: ಹೋಗ್ತೀಯಾ? ಅಲ್ಲಿ ಕಲೀಬೇಕು ಅನ್ಸುತ್ತಾ? ನಾಲ್ಕು ತಿರುವುಮುರುವು: ಇಲ್ಲೇ ಇದ್ಬಿಡ್ತೀಯಾ? ಅವ್ರಿಗೆ ಬೇಡ ಅಂತ ಹೇಳ್ಲಾ? ಅವನ್ನೆಲ್ಲ ಆನೆ, ಜುಲೈಗಳ ನಡುವೆ ಕಲಸಿದೆ.

"ನಾವಿಬ್ರೂ ಅವ್ನ ಕಡೆ ನೋಡೋಹಂಗಿಲ್ಲ," ಅಂದೆ. "ಮುಖ ನೋಡಿದ್ರೆ ನಮ್ ಉತ್ತರ ಅವ್ನಿಗೆ ಸೋರುತ್ತೆ."

"ಉಸಿರಾಡ್ಬೋದಾ?" ಅಂದಳು ಮಾರ್ಲಿಸ್.

"ಮೆಲ್ಲಗೆ."

ಅವಳು ಸಿಂಕಿನ ಮುಂದೆ ಕಿಟಕಿಯ ಹಿಮ ನೋಡುತ್ತಾ ಪೆನ್ಸಿಲ್ ಹಿಡಿದು ನಿಂತಳು. ನಾನು ಗೋಡೆ ನೋಡುತ್ತಾ ಓದಿದೆ. ಬೆನ್ನ ಹಿಂದಿನಿಂದ ಡಿಟ್, ಡಾ, ಡಾ, ಡಿಟ್ ಎಂದು ಬರುತ್ತಿತ್ತು. ಮುಗಿದ ಮೇಲೆ ಹಾಳೆ ತೆಗೆದುಕೊಂಡು ಎಣಿಸಿದೆ. ಇನ್ನೊಂದು ಸಲ ಎಣಿಸಿದೆ. ಒಂಬತ್ತರಲ್ಲಿ ಏಳು: ಹೋಗುತ್ತೇನೆ.

"ಏನೋ ಎಡವಟ್ಟಾಗಿದೆ," ಅಂದೆ. "ಆ ತಿರುವುಮುರುವು ಪ್ರಶ್ನೆ ನಾಲ್ಕೂ ಅವ್ನಿಗೆ ಗೊಂದಲ ಮಾಡಿರ್ಬೇಕು. ಅವನ್ನ ಬಿಟ್ಬಿಡೋಣ. ನೇರ ಪ್ರಶ್ನೇಲಿ ಎರಡು ಸಲ ಇಲ್ಲ ಅಂದಿದಾನೆ ನೋಡು. ಇನ್ನೊಂದ್ ನಾಲ್ಕು ನೇರ ಪ್ರಶ್ನೆ ಕೇಳಿದ್ರೆ..."

ಮಾರ್ಲಿಸ್ ಹಾಳೆಯನ್ನು ನನ್ನ ಕೈಯಿಂದ ಎಳೆದುಕೊಂಡಳು. "ಕೊನೇಲಿ ಪ್ರಶ್ನೆ ಚಿಹ್ನೆ ಹಾಕ್ಕೊಂಡು ಕೂತಿದೀಯಲ್ಲ ಡೋರೀನ್. ನಿಂಗೆ ಬೇಕಾದ ಉತ್ತರ ಬರೋವರ್ಗೂ ಕೇಳ್ತೀಯಾ?"

ಕುರ್ಚಿಯಿಂದ ಒಂದು ಸದ್ದು ಬಂತು. ಇಬ್ಬರೂ ತಿರುಗಿದೆವು. ಡೇಲ್ ನಗುತ್ತಿದ್ದ. ಬಾಯಿಯ ಒಂದೇ ಕಡೆಯಿಂದ, ಜೊಲ್ಲು ಸುರಿಸಿಕೊಂಡು, ಹೊಟ್ಟೆ ಕುಣಿಸಿಕೊಂಡು ನಗುತ್ತಿದ್ದ. ನವೆಂಬರಿನಿಂದ ಆ ಮನೆಯಲ್ಲಿ ಅವನು ನಕ್ಕಿರಲಿಲ್ಲ. ಜೀವಮಾನವೆಲ್ಲ ಇದೇ ಕಸುಬು ಮಾಡಿದವಳು, ಉತ್ತರ ನನ್ನ ಪಟ್ಟಿಯಲ್ಲಿಲ್ಲ ಎಂದು ಪ್ರಶ್ನೆಯನ್ನೇ ಕಿತ್ತುಹಾಕಲು ಹೊರಟಿದ್ದೆ. ಶಾಲೆಯ ಅಡುಗೆಯವಳು ನನ್ನನ್ನು ಹಿಡಿದಳು.

ಆದರೆ ಮಾರ್ಲಿಸ್ ನಗಲಿಲ್ಲ. ಹಾಳೆಯನ್ನೇ ನೋಡುತ್ತಾ ನಿಂತಿದ್ದಳು. "ಹಾಗಾದ್ರೆ ಹೋಗ್ಬೇಕು ಅವ್ನಿಗೆ," ಅಂದಳು. "ನಾನು ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ. ನನ್ನಿಂದ ದೂರ."

"ಎಪ್ಪತ್ಮೂರು," ಅಂದ ಡೇಲ್, ನಗು ನಿಲ್ಲಿಸಿ.

"ಗೊತ್ತಾಯ್ತು ಚಿನ್ನ. ಶುಭವಾಗ್ಲಿ, ಬರ್ತೀನಿ. ಎಷ್ಟು ಸಲ ಹೇಳ್ತೀಯಾ?" ಅವಳ ದನಿ ಒಡೆಯಿತು.

ಡಾ. ಡಾ. ಡಾ. ಡಾ.

ಯಾರೂ ಪ್ರಶ್ನೆ ಕೇಳಿರಲಿಲ್ಲ. ಅವನು ಬಲಗಿವಿಯನ್ನು ಬೆರಳು ಬೆಳ್ಳಗಾಗುವಂತೆ ಒತ್ತುತ್ತಿದ್ದ. ಇಲ್ಲ, ಇಲ್ಲ, ಇಲ್ಲ. ಅವನ ಮುಂದೆ ಮಂಡಿಯೂರಿ ಕೂತು ಕೇಳಿದೆ. "ಡೇಲ್, ನೀನು ಹೇಳೋಕೆ ಹೊರಟಿರೋದು ಎಪ್ಪತ್ಮೂರಾ?"

ಡಾ.

"ಎಪ್ಪತ್ಮೂರೇ ತಾನೇ?"

ಡಾ.

"ಎಪ್ಪತ್ಮೂರಲ್ಲದೆ ಬೇರೆ ಏನೋನಾ?"

ಡಿಟ್. ಅವನ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

ನಮ್ಮ ಕಸುಬಿನಲ್ಲಿ ಎಲ್ಲರೂ ಹೆದರುವ ತಪ್ಪು ಒಂದಿದೆ. ಮಾತು ಕೆಟ್ಟು ಅರ್ಥವಿಲ್ಲದ್ದಾದರೆ ಚಿಂತೆಯಿಲ್ಲ, ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಮತ್ತೆ ಕಳಿಸು ಅನ್ನಬಹುದು. ಆದರೆ ಒಂದು ಒಳ್ಳೆಯ ಮಾತು ಕೆಟ್ಟು ಇನ್ನೊಂದು ಒಳ್ಳೆಯ ಮಾತಾಗಿಬಿಟ್ಟರೆ ಯಾವ ಕಾವಲೂ ಅದನ್ನು ಹಿಡಿಯುವುದಿಲ್ಲ. ಡೇಲ್‌ನ ಬಾಯಲ್ಲಿ ಆಲೂಗಡ್ಡೆ ಎಂದು ಬಂದಿದ್ದರೆ ಆ ದಿನವೇ ಎಲ್ಲರೂ, ಇವನು ಏನು ಹೇಳಲು ಹೋಗಿ ಆಲೂಗಡ್ಡೆ ಅನ್ನುತ್ತಿದ್ದಾನೆ ಎಂದು ಹುಡುಕುತ್ತಿದ್ದರು. ಎಪ್ಪತ್ತಮೂರು ಎಂದು ಬಂತು. ಹ್ಯಾಮ್‌ನ ಬಾಯಿಗೆ ಎಷ್ಟು ಒಪ್ಪುವ ಮಾತು! ನಾವು ಅವನ ಕೈ ಕುಲುಕಿ, ಅದನ್ನೇ ವಾಪಸು ಹೇಳಿ, ಹೆಮ್ಮೆಯಿಂದ ಮನೆಗೆ ಹೋದೆವು. ನಾಲ್ಕು ತಿಂಗಳು.

"ಅದು ಸಂಖ್ಯೇನಾ?" ಮೂರು ಸಲ ಕೇಳಿದೆ. ಡಿಟ್, ಡಿಟ್, ಡಿಟ್.

"ಮಾರ್ಲಿಸ್, ಅಳತೆ ಟೇಪು ಎಲ್ಲಿದೆ?"

ನೂರರೊಳಗಿನ ಯಾವ ಸಂಖ್ಯೆಯಾದರೂ ಸರಿ, ಅರ್ಧಕ್ಕೆ ಅರ್ಧ ಕತ್ತರಿಸುತ್ತಾ ಹೋದರೆ ಏಳು ಪ್ರಶ್ನೆಗೆ ಸಿಗುತ್ತದೆ. ಅವನ ಉಕ್ಕಿನ ಟೇಪಿನ ಕೊಕ್ಕೆಯನ್ನು ಫ್ರಿಜ್ಜಿನ ಕಾಲಿಗೆ ಸಿಕ್ಕಿಸಿ, ನೆಲದ ಮೇಲೆ ನೂರು ಇಂಚು ಎಳೆದೆವು. ಇನ್ನೊಂದು ತುದಿ ಹಿತ್ತಲ ಬಾಗಿಲಲ್ಲಿ, ಬೂಟುಗಳ ಹತ್ತಿರ ಬಂತು. ಟೇಪಿನ ಡಬ್ಬಿ ಹಿಡಿದು ಮಾರ್ಲಿಸ್ ಅಲ್ಲಿ ಕೂತಳು. ಒಂದರ ತುದಿ ಡೇಲ್‌ನ ಎಡಕ್ಕೆ, ನೂರರ ತುದಿ ಬಲಕ್ಕೆ. ನಾನು ಪೊರಕೆ ತಗೊಂಡು ಐವತ್ತರ ಮೇಲೆ ಅಡ್ಡ ಇಟ್ಟೆ.

"ಪೊರಕೆಯಿಂದ ಎಡಕ್ಕಿದ್ರೆ ಎಡಗಿವಿ, ಬಲಕ್ಕಿದ್ರೆ ಬಲಗಿವಿ. ಒಂದೊಂದೂ ಮೂರು ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡ."

ಡಾ, ಡಾ, ಡಾ. ಬಲಕ್ಕೆ.

ಪೊರಕೆಯನ್ನು ಎಪ್ಪತ್ತೈದಕ್ಕೆ ಸರಿಸಿ ಚಾವಣಿ ನೋಡುತ್ತಾ ನಿಂತೆ. ಡಾ, ಡಾ, ಡಾ. ಎಪ್ಪತ್ತಮೂರು ಪೊರಕೆಯ ಆಚೆ, ಫ್ರಿಜ್ಜಿನ ಕಡೆಗೆ ಉಳಿದುಹೋಯಿತು. ಎಂಬತ್ತೆಂಟು ದಾಟಿಸಿ ಇಟ್ಟೆ. ಡಿಟ್, ಡಿಟ್, ಡಿಟ್, ಈಗ ಎಡಕ್ಕೆ. ಎಂಬತ್ತೆರಡಕ್ಕೆ ತಂದೆ. ಡಿಟ್. ಆಮೇಲೆ ಡಾ. ಆಮೇಲೆ ಇನ್ನೊಂದು ಡಾ. ಒಂದು ಬೆರಳು ಜಾರಿತ್ತು, ಎರಡು ಅದನ್ನು ತಿದ್ದಿದವು. ಎಂಬತ್ತೈದು: ಬಲಕ್ಕೆ. ಎಂಬತ್ತಾರು: ಬಲಕ್ಕೆ. ಎಂಬತ್ತೇಳರ ಮೇಲೆ ಪೊರಕೆ ಇಟ್ಟೆ.

ಡಾ, ಡಾ, ಡಾ.

ಮಾರ್ಲಿಸ್‌ಳ ಹೆಬ್ಬೆರಳು ಸಡಿಲಿತು. ಟೇಪು ಫ್ರಿಜ್ಜಿನ ಕಾಲಿನಿಂದ ಕಿತ್ತುಕೊಂಡು, ನನ್ನ ಪೊರಕೆಗೆ ಬಡಿದು, ಸರ್ರನೆ ಅವಳ ಕೈಯೊಳಗಿನ ಡಬ್ಬಿಗೆ ಸೇರಿತು. ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು.

"ಎಂಬತ್ತೆಂಟು."

ಹ್ಯಾಮ್‌ಗಳಲ್ಲಿ ಅದು ಎಲ್ಲರಿಗೂ ಹೇಳುವ ಸಂಖ್ಯೆಯಲ್ಲ. ಎಂಬತ್ತೆಂಟು ಅಂದರೆ ಪ್ರೀತಿ, ಮುತ್ತು. ಮನೆಯವಳಿಗೆ ಮಾತ್ರ.

ಅವಳು ಬೂಟುಗಳ ನಡುವೆ ಕೂತಲ್ಲೇ ಫ್ರಿಜ್ಜಿನ ಬಾಗಿಲು ನೋಡುತ್ತಿದ್ದಳು. "ಪ್ರತಿ ತುತ್ತಿಗೂ ಹೇಳ್ತಿದ್ದ ಕಣೇ," ಅಂದಳು. "ತಿಕ ಒರೆಸ್ವಾಗ್ಲೂ ಹೇಳ್ತಿದ್ದ. ನಾನು ಬೈತಿದ್ದೆ. ಸಾಕು ನಿಲ್ಸು, ತಲೆ ಕೆಡುತ್ತೆ ಅಂತ ಬೈತಿದ್ದೆ."

"ಎಪ್ಪತ್ಮೂರು," ಅಂದ ಡೇಲ್.

"ಹೂಂ," ಅಂದಳು ಅವಳು. "ಹೂಂ ಹೂಂ. ಕೇಳಿಸ್ತು." ಎದ್ದು ಬಂದು ಅವನ ತೊಡೆಯ ಮೇಲೆ ತಲೆಯಿಟ್ಟಳು. ಅವನು ಕೀ ಬಿಟ್ಟು, ಎಡಗೈಯನ್ನು ಅವಳ ಬಿಸಿ ಚೀಲ ಕಟ್ಟಿದ ಭುಜದ ಮೇಲೆ ಇಟ್ಟು, ಮೆಲ್ಲಗೆ ಎರಡು ಸಲ ತಟ್ಟಿದ. ಯಾಕೆ ಹೋಗಬೇಕು ಅಂದ ಎಂದು ಆಮೇಲೆ ಯಾರೂ ಕೇಳಲಿಲ್ಲ. ನನಗೆ ಅಲ್ಲಿರಲು ಸಂಕೋಚವಾಗಿ, ಪೊರಕೆ ಕೈಯಲ್ಲಿತ್ತಲ್ಲ, ಅಡುಗೆಮನೆ ಗುಡಿಸಿದೆ.

ಮಧ್ಯಾಹ್ನವೇ ಮಿಲ್ವಾಕೀಗೆ ಫೋನ್ ಮಾಡಿದೆವು. ರೋಗಿಯೇ ಒಪ್ಪಬೇಕಲ್ಲ, ಎಂದಳು ಆ ಕಡೆಯವಳು. ಮಾರ್ಲಿಸ್ ಫೋನನ್ನು ಕೀ ಹತ್ತಿರ ಹಿಡಿದಳು.

"ಡಿಟ್."

"ಅದೇನ್ರೀ ಸದ್ದು?"

"ಅವ್ರು ಹೌದು ಅಂದ್ರು. ಬೇಕಾದ್ರೆ ಆನೆ ಬಗ್ಗೆ ಕೇಳಿ, ಇಲ್ಲ ಅಂತಾರೆ."

ಶನಿವಾರ ಬೆಳಗ್ಗೆ ಹೊರಟರು. ಕೌಂಟಿಯ ಹುಡುಗರು ಲಾರಿ ತಂದು ಬಾಗಿಲವರೆಗೆ ಹಿಮ ತಳ್ಳಿಕೊಟ್ಟರು. ನಾನೂ ಮಾರ್ಲಿಸ್‌ಳೂ ಅವನನ್ನು ಮುಂದಿನ ಸೀಟಿಗೆ ಕೂರಿಸಿದೆವು, ಕೀಯನ್ನು ಅವನ ತೊಡೆಗೆ ಪಟ್ಟಿಯಿಂದ ಕಟ್ಟಿದೆವು. ಅವಳು ಹೊಸದಾಗಿ ಒಂದು ಚೀಟಿ ಬರೆದು ಅವನ ಜೇಬಿಗೆ ಹಾಕಿದ್ದಳು. ನಾನು ಓದಲಿಲ್ಲ, ಕೊನೆಯ ಎರಡು ಅಂಕಿ ಮಾತ್ರ ಕಂಡವು. ಅವಳು ಸುತ್ತಿ ಬಂದು ಸ್ಟೀರಿಂಗ್ ಹಿಡಿಯುವ ಹೊತ್ತಿಗೆ ಡೇಲ್ ತೆರೆದ ಬಾಗಿಲಿನಿಂದ ನನ್ನ ಮುಖ ನೋಡಿ, "ಎಪ್ಪತ್ಮೂರು," ಅಂದ.

ನನಗೆ ತಬ್ಬಿಬ್ಬಾಯಿತು. ಈ ಮಾತನ್ನು ಈಗ ಹೇಗೆ ತಗೊಳ್ಳಬೇಕು?

"ಮಾರ್ಲಿಸ್ ಪಕ್ಕದಲ್ಲೇ ಇದಾಳೆ, ನೋಡ್ಕೊಂಡು ಹೇಳು," ಅಂದೆ. "ನಂಗೆ ಹೇಳಿದ್ದು ಎಪ್ಪತ್ಮೂರೇ ತಾನೇ?"

ಬಾಯಿಯ ಒಂದು ಕಡೆ ಮೇಲೆ ಹೋಯಿತು. ಡಿಟ್.

ಆ ದಾರಿಯಲ್ಲಿ ಇಪ್ಪತ್ತಕ್ಕೆ ಮೂರು ತಪ್ಪು ಬರುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಒಂದೇ ಸಲ ಕೇಳಿದೆ, ಅವನು ಅಂದದ್ದನ್ನು ನಂಬಿದೆ, ಕಾರಿನ ಬಾಗಿಲು ಹಾಕಿದೆ.